ಹಿಮದ ಹಾದಿಯ ಪಾಠ

ನೀಲಗಿರಿಯಲ್ಲಿ 2637 ಮೀಟರ್ ಎತ್ತರಕ್ಕೆ ನಿಂತಿರುವ ದೊಡ್ಡಬೆಟ್ಟದ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಂಗಾರು ಮಳೆ ಹಿಂದೆಗೆದು ಆಕಾಶ ತಿಳಿಯಾದ ಮಾರ್ಗಶಿರದ ಇರುಳುಗಳಲ್ಲಿ ಇಲ್ಲಿಯ ತಗ್ಗುಗಳಲ್ಲಿ ಶೀತಗಾಳಿ ಮಡುಗಟ್ಟುತ್ತದೆ. ಬೆಳಗಾಗುವಷ್ಟರಲ್ಲಿ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಹಿಮ ಹೆಪ್ಪುಗಟ್ಟಿರುತ್ತದೆ.

ನಾನು ನಿವೃತ್ತನಾದ ವರ್ಷ ಅಂಥದೊಂದು ಬೆಳಗ್ಗೆ ಹಳೆಯ ಶಿಷ್ಯನೊಬ್ಬನೊಡನೆ ಬೆಟ್ಟದ ಕಾಲುದಾರಿ ಹಿಡಿದೆ. ಬಿಸಿಲು ತಾಗದ ತಗ್ಗೊಂದರಲ್ಲಿ, ಮಳೆಗಾಳಿಗೆ ಬೇರುಸಹಿತ ಉರುಳಿದ್ದ ವ್ಯಾಟಲ್ ಮರವೊಂದು ದಾರಿಗೆ ಅಡ್ಡಲಾಗಿತ್ತು. ವರ್ಷವರ್ಷವೂ ಮಕ್ಕಳನ್ನು ಕರೆದೊಯ್ದ ಹಾದಿಯೆಂಬ ಅಭಿಮಾನ ನನ್ನದು. ಮರದ ಮೇಲೆ ಕಾಲಿಟ್ಟೆ. ತೊಗಟೆಯನ್ನು ಕವಿದಿದ್ದ ತೆಳುವಾದ ಹಿಮದ ಪೊರೆ ಕಣ್ಣಿಗೆ ಬೀಳಲಿಲ್ಲ. ಜಾರಿದೆ. ನನ್ನನ್ನು ಹಿಡಿಯಬಂದ ಶಿಷ್ಯನೂ ಬಿದ್ದು ಮುಂಗೈ ಮುರಿದುಕೊಂಡ.

ಆ ನೋವಿನಲ್ಲೂ ಅವನು ನಗುತ್ತ, "ಸರ್, ಬಿದ್ದ ಮರವನ್ನು ಹತ್ತಬೇಡಿ, ಸುತ್ತಿ ಬನ್ನಿ ಎಂದು ನಮಗೆ ಕಲಿಸಿದವರು ತಾವೇ ಅಲ್ಲವೇ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಮೂಳೆ ಕೂಡಿತು; ಆದರೆ ಚಳಿಗಾಲದಲ್ಲಿ ಈಗಲೂ ಆ ಕೈ ನೋಯುತ್ತದಂತೆ. ನಾನು ಇಂದಿಗೂ ಬೆಟ್ಟಕ್ಕೆ ಹೋಗುತ್ತೇನೆ. ಬಿಸಿಲೇರಿ ಹಿಮ ಕರಗಿದ ಮೇಲೆ, ಊರುಗೋಲು ಹಿಡಿದು. ಮರ ಬಿದ್ದಿದ್ದರೆ ಸುತ್ತಿಯೇ ಹೋಗುತ್ತೇನೆ.