ಹೊರಡದೆ ಉಳಿದವರ ಊರು

ನಮ್ಮ ಬಾಲ್ಯದಲ್ಲಿ ಊರಿನ ಮಸೀದಿಗೆ ಆಗಾಗ ಉತ್ತರ ಭಾರತದಿಂದ ಜಮಾಅತ್‌ಗಳು ಬರುತ್ತಿದ್ದವು. ಹೆಗಲ ಮೇಲೆ ಹಾಸಿಗೆಯ ಸುರುಳಿ, ಕೈಯಲ್ಲಿ ಅಡುಗೆಯ ಪಾತ್ರೆ, ತಲೆಗೆ ದೊಡ್ಡ ಬಿಳಿಯ ಮುಂಡಾಸು. ಅವರಾಡುವ ಮಾತು ನಮಗೆ ತಿಳಿದ ಉರ್ದುವಿನಂತಿರಲಿಲ್ಲ. ‘ಮೇವಾತಿನವರು’ ಎಂದು ಹಿರಿಯರು ಪರಿಚಯಿಸುತ್ತಿದ್ದರು. ಆ ಮಾತಿನಲ್ಲಿ ಆದರದೊಂದಿಗೆ ತುಸು ನಗೆಯೂ ಬೆರೆತಿರುತ್ತಿತ್ತು ಎಂಬುದನ್ನು ಇಂದು ಒಪ್ಪಿಕೊಳ್ಳಲೇಬೇಕು. ಹಳ್ಳಿಗರು, ಓದು ಬಾರದವರು, ಮೊನ್ನೆ ಮೊನ್ನೆ ಕಲಿಮಾ ಕಲಿತವರು ಎಂಬ ಭಾವನೆ ನಮ್ಮಲ್ಲಿ ಮನೆಮಾಡಿತ್ತು. ಕಳೆದ ಚಳಿಗಾಲದಲ್ಲಿ ಕುಟುಂಬ ಸಮೇತ ದೆಹಲಿಗೆ ಹೋಗಿದ್ದಾಗ ಒಂದು ದಿನವನ್ನು ಬಿಡುವು ಮಾಡಿಕೊಂಡು ಮೇವಾತಿನ ಘಾಸೇಡಾ ಎಂಬ ಗ್ರಾಮವನ್ನು ನೋಡಿಬಂದೆವು. ಅಂದಿನಿಂದ ಆ ನಗೆ ನಮ್ಮನ್ನೇ ಚುಚ್ಚುತ್ತಿದೆ.

ಹರಿಯಾಣದ ನೂಹ್ ಜಿಲ್ಲೆ, ರಾಜಸ್ಥಾನದ ಅಲ್ವರ್ ಮತ್ತು ಭರತ್‌ಪುರದ ಭಾಗಗಳು ಸೇರಿದ ಸೀಮೆಯೇ ಮೇವಾತ್. ಅಲ್ಲಿಯ ಮುಸ್ಲಿಮರನ್ನು ಮೇವ್ ಎನ್ನುತ್ತಾರೆ. ಸೋಹನಾ ದಾಟಿದೊಡನೆ ಗುರುಗ್ರಾಮದ ಗಾಜಿನ ಕಟ್ಟಡಗಳು ಹಿಂದಾಗಿ, ಪಶ್ಚಿಮಕ್ಕೆ ಅರಾವಳಿಯ ಬೋಳುಗುಡ್ಡಗಳ ಸಾಲು, ಇಕ್ಕೆಲದಲ್ಲಿ ಹಳದಿ ಹೂಬಿಟ್ಟ ಸಾಸಿವೆ ಹೊಲಗಳು ಕಾಣತೊಡಗುತ್ತವೆ. ನೂಹ್ ಪಟ್ಟಣಕ್ಕೆ ಇನ್ನೂ ಕೆಲವು ಕಿಲೋಮೀಟರ್ ಇರುವಾಗಲೇ ಘಾಸೇಡಾ ಸಿಗುತ್ತದೆ.

ಊರು ಹಳೆಯದು. ಒಂದು ಕಾಲಕ್ಕೆ ಬಡಗುಜ್ಜರ್ ರಜಪೂತರ ಕೋಟೆ ಇಲ್ಲಿತ್ತು. 1753ರಲ್ಲಿ ಭರತ್‌ಪುರದ ಸೂರಜ್‌ಮಲ್ ಮುತ್ತಿಗೆ ಹಾಕಿ ಅದನ್ನು ಗೆದ್ದನು; ಕೋಟೆಯೊಡೆಯ ರಾವ್ ಬಹಾದೂರ್ ಸಿಂಗ್ ಹೋರಾಡುತ್ತಲೇ ಮಡಿದನು. 1857ರ ನವೆಂಬರಿನಲ್ಲಿ ಬ್ರಿಟಿಷ್ ಪಡೆ ಬಂಡೆದ್ದ ಮೇವ್‌ಗಳನ್ನು ಅಡಗಿಸಲು ಈ ಊರಿನ ಮೇಲೂ ಬಿದ್ದಿತು. ಇನ್ನೂ ಹಿಂದಕ್ಕೆ ಹೋದರೆ ಹಸನ್ ಖಾನ್ ಮೇವಾತಿಯ ಹೆಸರು ಬರುತ್ತದೆ. 1527ರ ಖಾನ್ವಾ ಯುದ್ಧದಲ್ಲಿ ಆತ ಬಾಬರನ ಪಕ್ಷವನ್ನು ಸೇರದೆ ರಾಣಾ ಸಾಂಗಾನೊಂದಿಗೆ ನಿಂತು ಪ್ರಾಣ ಕೊಟ್ಟನು. ಇತಿಹಾಸವನ್ನು ಎರಡೇ ಬಣ್ಣಗಳಲ್ಲಿ ಬರೆಯುವವರಿಗೆ ಈ ಮನುಷ್ಯನನ್ನು ಎಲ್ಲಿಡಬೇಕೆಂದು ತೋಚುವುದಿಲ್ಲ.

ನಾವು ಹುಡುಕಿಕೊಂಡು ಹೋದದ್ದು ಮಾತ್ರ 1947ರ ಡಿಸೆಂಬರ್ 19ನ್ನು.

ಆ ವರ್ಷ ಅಲ್ವರ್ ಮತ್ತು ಭರತ್‌ಪುರ ಸಂಸ್ಥಾನಗಳಲ್ಲಿ ಮೇವ್‌ಗಳ ಮೇಲೆ ನಡೆದ ಹತ್ಯಾಕಾಂಡವನ್ನು ನಮ್ಮ ಶಾಲಾ ಪುಸ್ತಕಗಳು ಹೇಳಲಿಲ್ಲ. ಊರುಗಳು ಸುಟ್ಟವು, ಬದುಕಿದವರು ಮತಾಂತರದ ಬಲಾತ್ಕಾರಕ್ಕೆ ಒಳಗಾದರು, ಉಳಿದವರು ಗಡಿ ದಾಟಿ ಅಂದಿನ ಗುಡಗಾಂವ್ ಜಿಲ್ಲೆಯ ಶಿಬಿರಗಳಿಗೆ ಓಡಿಬಂದರು. ಘಾಸೇಡಾ ಅಂಥ ನಿರಾಶ್ರಿತರಿಂದ ತುಂಬಿತ್ತು. ಮುಂದಿನ ದಾರಿ ಪಾಕಿಸ್ತಾನವೇ ಎಂದು ಬಹುಮಂದಿ ಗಂಟುಮೂಟೆ ಕಟ್ಟಿದ್ದರು. ಅನೇಕರು ಆಗಲೇ ಹೊರಟೂ ಹೋಗಿದ್ದರು. ಹೋಗಬಾರದೆಂದು ಊರೂರು ಸುತ್ತಿ ಹೇಳುತ್ತಿದ್ದವರಲ್ಲಿ ಮೇವ್ ನಾಯಕ ಚೌಧರಿ ಯಾಸೀನ್ ಖಾನ್ ಮುಖ್ಯರು. ಆ ದಿನ ಗಾಂಧೀಜಿ ಪೂರ್ವ ಪಂಜಾಬಿನ ಪ್ರಧಾನಿ ಗೋಪಿಚಂದ್ ಭಾರ್ಗವರನ್ನು ಜೊತೆಗಿಟ್ಟುಕೊಂಡು ಇಲ್ಲಿಗೆ ಬಂದರು.

ಅಂದಿನ ಭಾಷಣ ಸಿಹಿಮಾತಲ್ಲ. ತಮ್ಮ ಮಾತಿಗೆ ಮೊದಲಿದ್ದ ಬಲ ಈಗ ಉಳಿದಿಲ್ಲವೆಂದು ಅವರು ಒಪ್ಪಿಕೊಂಡರು. ಮೇವ್‌ಗಳನ್ನು ಅಪರಾಧಿ ಬುಡಕಟ್ಟಿನಂತೆ ಕಾಣುವವರಿದ್ದಾರೆ, ಅದು ನಿಜವಾದರೆ ನೀವು ತಿದ್ದಿಕೊಳ್ಳಬೇಕು ಎಂದೂ ಮುಖಕ್ಕೇ ಹೇಳಿದರು. ಎಲ್ಲವನ್ನೂ ಕಳೆದುಕೊಂಡು ಕುಳಿತ ಜನರಿಗೆ ಹೇಳುವ ಮಾತೇ ಇದು ಎಂದು ಓದುವಾಗ ನಮಗೆ ಕಸಿವಿಸಿಯಾಯಿತು. ಆದರೂ ಜನ ಉಳಿದರು. ಬಲವಿಲ್ಲವೆಂದು ತಾನೇ ಹೇಳಿಕೊಂಡ ಮುದುಕನೊಬ್ಬನ ಮಾತನ್ನು ನಂಬಿ ಕಟ್ಟಿದ ಗಂಟುಗಳನ್ನು ಬಿಚ್ಚಿದರು. ಆರು ವಾರಗಳಲ್ಲಿ, ಜನವರಿ 30ರಂದು, ಆ ಮುದುಕನೂ ಇಲ್ಲವಾದನು. ಆಗ ಈ ಊರಿನ ಮನೆಗಳಲ್ಲಿ ಏನು ಮಾತಾಡಿಕೊಂಡಿರಬಹುದು? ಅನಂತರ ವಿನೋಬಾ ಭಾವೆಯವರು ಬಂದು ಪುನರ್ವಸತಿಯ ಕೆಲಸಕ್ಕೆ ಕೈಹಾಕಿದರು. ಘಾಸೇಡಾವನ್ನು ಇಂದಿಗೂ ಗಾಂಧಿಗ್ರಾಮ ಎನ್ನುತ್ತಾರೆ. ಡಿಸೆಂಬರ್ 19ನ್ನು ಮೇವಾತ್ ದಿವಸವಾಗಿ ಆಚರಿಸುತ್ತಾರೆ.

ಹಿರಿಯರೊಬ್ಬರು ನಮ್ಮನ್ನು ಮನೆಗೆ ಕರೆದರು. ಅಂಗಳದಲ್ಲಿ ಹಗ್ಗದ ಮಂಚ, ಹುಕ್ಕಾ, ಕಟ್ಟಿದ ಎರಡು ಎಮ್ಮೆ. ಅವರ ಹಿರಿಯ ಮಗ ಲಾರಿಯ ಚಾಲಕ. ಹುಬ್ಬಳ್ಳಿ, ದಾವಣಗೆರೆಯ ಹೆಸರುಗಳು ಆ ಮನೆಗೆ ಅಪರಿಚಿತವಲ್ಲ. ನಮ್ಮಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುವುದುಂಟು ಎಂದು ಮಾತಿನ ನಡುವೆ ಹೇಳಿದಾಗ ಮನೆಯ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು. ಮೇವ್‌ಗಳು ಇಂದಿಗೂ ಗೋತ್ರ ನೋಡುತ್ತಾರೆ. ಒಂದೇ ಗೋತ್ರದವರು ಅವರಿಗೆ ಅಣ್ಣತಂಗಿಯರು. ಶರೀಅತ್ ಅನುಮತಿಸಿದೆಯಲ್ಲ ಎಂದು ನಾವು ವಾದಿಸಹೊರಟೆವು. ಅನುಮತಿ ಇದೆ, ಆಜ್ಞೆ ಇಲ್ಲವಲ್ಲ ಎಂದು ಹಿರಿಯರು ಹುಕ್ಕಾ ಎಳೆದರು. ಮುಂದೆ ಮಾತಾಡಲು ನಮ್ಮಲ್ಲಿ ಏನೂ ಇರಲಿಲ್ಲ.

ಕಲಿಸಲು ಬಂದವರೇ ಕಲಿಯುವುದು ಈ ಸೀಮೆಗೆ ಹೊಸದಲ್ಲವೇನೋ. ಕೂಲಿ ಹುಡುಕಿ ದೆಹಲಿಗೆ ಬಂದ ಮೇವ್‌ಗಳನ್ನು ನಿಝಾಮುದ್ದೀನಿನ ಬಂಗ್ಲೆವಾಲಿ ಮಸೀದಿಗೆ ಕರೆದು, ದಿನದ ಕೂಲಿಯನ್ನು ತಾವೇ ಕೊಟ್ಟು ನಮಾಝ್ ಕಲಿಸಿದವರು ಮೌಲಾನಾ ಇಸ್ಮಾಈಲ್. ಅವರ ಮಗ ಮೌಲಾನಾ ಇಲ್ಯಾಸ್ 1920ರ ದಶಕದಲ್ಲಿ ಇದೇ ಜನರ ನಡುವೆ ಆರಂಭಿಸಿದ ಕೆಲಸವೇ ತಬ್ಲೀಗ್ ಜಮಾಅತ್. ಹೀಗೆ ಕಲಿತವರು ಮುಂದೆ ಹಾಸಿಗೆ ಹೊತ್ತು ನಮ್ಮ ಊರಿನವರೆಗೂ ನಡೆದು ಬಂದರು, ಮತ್ತು ನಾವು ನಕ್ಕೆವು.

ಚಹಾ ಬಂತು. ಚಹಾಕ್ಕೆ ಸಿಹಿನೀರು ಕೊಂಡು ತರಬೇಕಾಯಿತೆಂದು ಮಗು ಹೇಳಿ ತಾಯಿಯಿಂದ ಗದರಿಸಿಕೊಂಡಿತು. ಜಿಲ್ಲೆಯ ಬಹುಭಾಗದಲ್ಲಿ ಅಂತರ್ಜಲ ಉಪ್ಪು; ನೂಹ್‌ನಲ್ಲಿ ಹಿಂದೆ ಬಾವಿಯ ನೀರಿನಿಂದಲೇ ಉಪ್ಪು ತೆಗೆಯುತ್ತಿದ್ದರಂತೆ. 2018ರಲ್ಲಿ ನೀತಿ ಆಯೋಗ ಹಿಂದುಳಿದ ಜಿಲ್ಲೆಗಳ ಪಟ್ಟಿ ಮಾಡಿದಾಗ ಕೊನೆಯ ಸ್ಥಾನ ಇದಕ್ಕೇ ಸಿಕ್ಕಿತು. ನಾವು ಹೋದಾಗ ಜಿಲ್ಲಾ ಕೇಂದ್ರಕ್ಕೂ ರೈಲು ಬಂದಿರಲಿಲ್ಲ. ಇವರು ಉಳಿದರು ಸರಿ, ಉಳಿಯಿರಿ ಎಂದವರು ಏನು ಕೊಟ್ಟರು ಎಂದು ನಮ್ಮ ಮಗಳು ಕನ್ನಡದಲ್ಲಿ ಕೇಳಿದಳು. ಏನು ಕೇಳಿದಳೆಂದು ಹಿರಿಯರು ವಿಚಾರಿಸಿದರು. ಅನುವಾದಿಸಲು ನಾವು ಹಿಂಜರಿದೆವು. ಆಕೆಯೇ ಹರಕು ಉರ್ದುವಿನಲ್ಲಿ ಹೇಳಿಬಿಟ್ಟಳು.

ಅವರು ಬೇಸರಿಸಲಿಲ್ಲ. ತಮ್ಮ ತಂದೆಯ ಇಬ್ಬರು ಸಹೋದರರು ಆ ವರ್ಷ ಕಸೂರಿಗೆ ಹೋದರು, ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ ಎಂದರು. ಆಮೇಲೆ ನಮ್ಮ ಅಜ್ಜನ ಕಬರ್ ಎಲ್ಲಿದೆಯೆಂದು ಕೇಳಿದರು. ನಮ್ಮ ಊರಿನಲ್ಲೇ ಇದೆ ಎಂದೆವು.

ಅಸ್ರ್ ಅದಾನ್ ಆಯಿತು. ನಮಾಝಿನ ಬಳಿಕ ಬಸ್ಸಿನ ರಸ್ತೆಯವರೆಗೆ ಜೊತೆಗೆ ಬರುತ್ತಾ ಅವರು ಖಬರಸ್ತಾನದ ಬೇಲಿಯ ಬಳಿ ಸ್ವಲ್ಪ ಹೊತ್ತು ನಿಂತರು. ಹೆಸರಿಲ್ಲದ ಮಣ್ಣಿನ ದಿಬ್ಬಗಳು. ಅವುಗಳಲ್ಲಿ ಒಂದರ ಕಡೆ ಕೋಲು ಚಾಚಿ ತೋರಿಸಿ, ದುಆ ಮಾಡಿ, ನಮ್ಮ ಮಗಳ ತಲೆಯ ಮೇಲೆ ಕೈಯಿಟ್ಟು ಹಿಂದಿರುಗಿದರು.