ಮರ ಹತ್ತುವ ಕುರ್ಚಿ

ಮ್ಯಾಡಿಸನ್ ಊರಿನಲ್ಲಿ ನಮ್ಮ ಮಗಳ ಮನೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಅದು. ಎರಡು ದೊಡ್ಡ ಸರೋವರಗಳ ನಡುವಣ ಸಪೂರ ನೆಲದ ಮೇಲೆ ಊರಿನ ನಡುಭಾಗ ಕುಳಿತಿದೆ. ದಸರಾ ರಜೆಗೆ ಒಂದಿಷ್ಟು ಗಳಿಕೆ ರಜೆ ಸೇರಿಸಿಕೊಂಡು ನಾನೂ ನನ್ನಾಕೆಯೂ ಅಲ್ಲಿಗೆ ಹೋಗಿದ್ದೆವು. ಅಕ್ಟೋಬರ್ ಕೊನೆಯ ವಾರ. ಮೇಪಲ್ ಮರಗಳು ಕೆಂಪೇರಿ, ಎಲೆ ಉದುರಿಸಿ, ರಸ್ತೆಯ ಬದಿಯಲ್ಲೆಲ್ಲ ರಾಶಿ ರಾಶಿ. ಮಗಳು, ಅಳಿಯ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾವಿಬ್ಬರೇ. ದಿನಕ್ಕೆ ಮೂರು ಸಲ ಕಾಫಿ ಕುಡಿದರೂ ಹೊತ್ತು ಹೋಗುತ್ತಿರಲಿಲ್ಲ.

ಪಕ್ಕದ ಮನೆಯ ಯಜಮಾನರು ನಿವೃತ್ತ ಬಡಗಿ. ವಯಸ್ಸು ಎಪ್ಪತ್ತರ ಹತ್ತಿರ. ನಾನು ಮೇಷ್ಟ್ರೆಂದು ತಿಳಿದ ದಿನದಿಂದ ನನ್ನನ್ನು ‘ಟೀಚರ್’ ಎಂದೇ ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಬೇಲಿಯ ಆಚೆಯಿಂದ, ‘ಟೀಚರ್, ಒಂದು ಕುರ್ಚಿ ಕೊಳ್ಳಬೇಕು, ಬರುತ್ತೀರಾ?’ ಎಂದರು. ಊಟದ ಮೇಜಿನ ಕುರ್ಚಿ ಇರಬಹುದೆಂದುಕೊಂಡು ಹೊರಟೆ. ಅಂಗಡಿಗೆ ಹೋಗಿ ನೋಡಿದರೆ ಅದು ಮರ ಹತ್ತುವ ಕುರ್ಚಿ!

ಜಿಂಕೆ ಬೇಟೆಗಾರರು ಮರದ ಮೇಲೆ ಕೂರಲು ಬಳಸುವ ಸಾಧನ ಇದು. ಅಲ್ಲಿನವರು ಇದಕ್ಕೆ ಕ್ಲೈಂಬಿಂಗ್ ಟ್ರೀಸ್ಟ್ಯಾಂಡ್ ಎನ್ನುತ್ತಾರೆ. ನಮ್ಮ ಕಡೆಯ ಅಟ್ಟಣೆ, ಗದ್ದೆ ಕಾಯುವ ಮಾಳ ಇವುಗಳ ದೂರದ ನೆಂಟನೆನ್ನಿ. ಆದರೆ ಅಟ್ಟಣೆಯನ್ನು ಕಟ್ಟಬೇಕು. ಇದು ತನ್ನ ಯಜಮಾನನನ್ನು ಕೂರಿಸಿಕೊಂಡು ತಾನೇ ಮರ ಏರುತ್ತದೆ. ಇದರಲ್ಲಿ ಎರಡು ಭಾಗ. ಮೇಲಿನದು ಕೂರುವ ಚೌಕಟ್ಟು, ಕೆಳಗಿನದು ಪಾದ ಊರುವ ಹಲಗೆ. ಎರಡಕ್ಕೂ ಮರದ ಹಿಂಬದಿಯನ್ನು ಬಳಸಿ ಬರುವ ಉಕ್ಕಿನ ತಂತಿಯೋ ಪಟ್ಟಿಯೋ ಇರುತ್ತದೆ. ಪಾದಗಳನ್ನು ಕೆಳಗಿನ ಹಲಗೆಗೆ ಕಟ್ಟಿಕೊಂಡು ನಿಂತು ಮೇಲಿನ ಭಾಗವನ್ನು ಎತ್ತಿಡುವುದು, ಅದರ ಮೇಲೆ ಕುಳಿತು ಕಾಲಿನಿಂದ ಕೆಳಗಿನದನ್ನು ಎಳೆದುಕೊಳ್ಳುವುದು, ಮತ್ತೆ ನಿಲ್ಲುವುದು. ಕಂಬಳಿಹುಳು ನಡೆಯುವ ಹಾಗೆ. ಹೀಗೆ ಹದಿನೈದು ಇಪ್ಪತ್ತು ಅಡಿ ಏರಿ ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತಾರೆ. ಎತ್ತರದಲ್ಲಿದ್ದರೆ ಮನುಷ್ಯನ ವಾಸನೆ ಜಿಂಕೆಯ ಮೂಗಿಗೆ ಅಷ್ಟು ಬೇಗ ತಾಗುವುದಿಲ್ಲ, ಅದು ತಲೆಯೆತ್ತಿ ನೋಡುವುದೂ ಕಡಿಮೆ.

ಬೇಟೆಯೆಂದರೆ ನನಗೆ ಹಿಂಜರಿಕೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಟ್ಟಣೆ ಹತ್ತಿ ಜಿಂಕೆ ಹೊಡೆಯುವುದು ಜೈಲಿಗೆ ಹೋಗುವ ಕೆಲಸ. ಅದು ಹಾಗೇ ಇರಲಿ. ಅಲ್ಲಿಯದು ಬೇರೆ ಲೆಕ್ಕ. ಬಿಳಿಬಾಲದ ಜಿಂಕೆ ಅಲ್ಲಿ ಹೊಲ, ತೋಟ, ಹೆದ್ದಾರಿ ಎನ್ನದೆ ಎಲ್ಲೆಲ್ಲೂ ಇದೆ. ಅದನ್ನು ತಿನ್ನುವ ತೋಳ ರಾಜ್ಯದ ಬಹುಭಾಗದಲ್ಲಿ ಇಲ್ಲ. 2002ರಲ್ಲಿ ಅಲ್ಲಿನ ಜಿಂಕೆಗಳಲ್ಲಿ ಮೆದುಳನ್ನು ಕೊರೆಯುವ ಒಂದು ಮಾರಕ ರೋಗವೂ ಪತ್ತೆಯಾಯಿತು. ಪರವಾನಗಿ, ಋತು, ಎಷ್ಟು ಜಿಂಕೆ ಎಂಬ ಮಿತಿ ಎಲ್ಲವನ್ನೂ ಸರ್ಕಾರವೇ ಗೊತ್ತುಮಾಡುತ್ತದೆ. ನಮ್ಮ ಬಡಗಿಯವರು ಬಿಲ್ಲಿನ ಬೇಟೆಗಾರರು. ಬಿಲ್ಲಿನ ಋತು ಸೆಪ್ಟೆಂಬರ್ ನಡುವಿನಲ್ಲೇ ಶುರುವಾಗುತ್ತದೆ. ನಾನು ಒಪ್ಪಿದೆನೆಂದಲ್ಲ, ಆದರೆ ಬಾಯಿ ಮುಚ್ಚಿಕೊಂಡು ಕೇಳಿದೆ.

ಅಂಗಡಿಯಲ್ಲಿ ಸಾಲಾಗಿ ಎಂಟು ಹತ್ತು ಮಾದರಿ. ಉಕ್ಕಿನದು ಅಗ್ಗ, ಆದರೆ ಭಾರ. ಅಲ್ಯೂಮಿನಿಯಂನದು ಒಂಬತ್ತು ಕಿಲೋ ಆಸುಪಾಸು, ಬೆಲೆ ಹೆಚ್ಚು. ಬೆನ್ನಿಗೆ ಹೊತ್ತು ಕತ್ತಲಲ್ಲಿ ಕಾಡು ಸೇರಬೇಕಾದವನಿಗೆ ಒಂದೊಂದು ಕಿಲೋ ಕೂಡ ಲೆಕ್ಕವೇ. ಬಂದೂಕಿನವರಿಗೆ ಕೈಯೂರಲು ಮುಂದೆ ಅಡ್ಡಪಟ್ಟಿ ಇರುವುದು ಒಳ್ಳೆಯದು. ಬಿಲ್ಲಿನವರಿಗೆ ಮುಂಭಾಗ ತೆರೆದಿರಬೇಕು. ನಮ್ಮವರು ಪ್ರತಿಯೊಂದನ್ನೂ ಬೆರಳ ಗಂಟಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು, ನಾವು ಮಡಕೆ ಕೊಳ್ಳುವಾಗ ತಟ್ಟುವ ಹಾಗೆ. ಟಣ್ ಎಂದರೆ ಜಿಂಕೆ ಓಡುತ್ತದೆ. ಹೆಚ್ಚಿನವುಗಳ ಮೇಲೆ 300 ಪೌಂಡ್, ಅಂದರೆ ಸುಮಾರು 136 ಕಿಲೋ ತಾಳುತ್ತದೆಂದು ಅಚ್ಚು ಹಾಕಿತ್ತು. ಅದು ಬರಿಯ ಮೈತೂಕವಲ್ಲ. ಚಳಿಯ ಬಟ್ಟೆ, ಬೂಟು, ಬಿಲ್ಲು, ಚೀಲ ಎಲ್ಲ ಸೇರಿ ಎಂಬುದನ್ನು ಕೊಳ್ಳುವವರು ಮರೆಯುತ್ತಾರಂತೆ.

ನನಗೆ ಇದ್ದ ಕುತೂಹಲ ಬೇರೆ. ಮೊಳೆಯಿಲ್ಲ, ಗಂಟಿಲ್ಲ, ಬಿಗಿಯುವ ತಿರುಪಿಲ್ಲ. ಹಾಗಾದರೆ ಇದು ಜಾರದೆ ನಿಲ್ಲುವುದು ಹೇಗೆ? ಪಿಯುಸಿ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ನನ್ನ ಜೊತೆ ಬನ್ನಿ. ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟುಕೊಂಡಿದ್ದೇನೆ. ಆಳು, ಸಾಮಾನು ಸೇರಿ 80 ಕಿಲೋ. ಆ ಭಾರ ಕಾಂಡದ ನಡುಗೆರೆಯಿಂದ 50 ಸೆಂಟಿಮೀಟರ್ ಆಚೆ ಬೀಳುತ್ತದೆ. ಭಾರಕ್ಕೆ ಹಲಗೆ ಮುಂದಕ್ಕೆ ಬಾಗಲು ನೋಡುತ್ತದೆ. ಆಗ ಮರದ ಹಿಂಬದಿಯಲ್ಲಿ ತಂತಿಯೂ, ಮುಂಬದಿಯಲ್ಲಿ ಅದಕ್ಕಿಂತ ಸ್ವಲ್ಪ ಕೆಳಗೆ ಹಲ್ಲುಗಳಿರುವ ಅಡ್ಡಪಟ್ಟಿಯೂ ಕಾಂಡವನ್ನು ಒತ್ತುತ್ತವೆ. ಈ ಎರಡು ಒತ್ತುಗಳ ನಡುವೆ ಮೇಲುಕೆಳಗಿನ ಅಂತರ 25 ಸೆಂಟಿಮೀಟರ್ ಎನ್ನಿ. 80ನ್ನು 50ರಿಂದ ಗುಣಿಸಿ 25ರಿಂದ ಭಾಗಿಸಿದರೆ ಒಂದೊಂದು ಕಡೆ 160 ಕಿಲೋ ಒತ್ತಡ. ಎರಡೂ ಸೇರಿ 320. ಹೊರಬೇಕಾದದ್ದು 80. ಹಾಗಾಗಿ ಘರ್ಷಣಾಂಕ ಕಾಲುಭಾಗ, ಅಂದರೆ 0.25 ಇದ್ದರೆ ಸಾಕು, ಜಾರದು.

ಇನ್ನೊಂದು ತಮಾಷೆ ನೋಡಿ. 80ರ ಬದಲು 120 ಹಾಕಿದರೂ ಉತ್ತರ 0.25 ಆಗಿಯೇ ಉಳಿಯುತ್ತದೆ. ಭಾರ ಹೆಚ್ಚಿದಷ್ಟೂ ಹಿಡಿತವೂ ಹೆಚ್ಚುತ್ತದೆ. ದಪ್ಪಗಿದ್ದವರು ಜಾರುತ್ತಾರೆಂಬ ಹೆದರಿಕೆ ಬೇಡ; ಅವರು ಅಂಜಬೇಕಾದದ್ದು ಲೋಹ ಮುರಿಯುವುದಕ್ಕೆ. ಆದರೆ ಭಾರ ಮರಕ್ಕೆ ಹತ್ತಿರವಾಗಿ 50 ಹೋಗಿ 25 ಸೆಂಟಿಮೀಟರ್ ಆದರೆ ಬೇಕಾದ ಘರ್ಷಣಾಂಕ 0.5. ಹೆದರಿದವನು ಮರವನ್ನು ತಬ್ಬಿಕೊಳ್ಳಲು ಹೋಗುತ್ತಾನಲ್ಲ, ಆಗಲೇ ಹಿಡಿತ ಸಡಿಲವಾಗುವುದು! ಕಾಲಿನ ಭಾರ ಪೂರ್ತಿ ತೆಗೆದರೆ ಕೆಳಗಿನ ಹಲಗೆ ಜಾರಿ ನೆಲ ಸೇರಿ, ಆಸಾಮಿ ಮೇಲೆಯೇ ಉಳಿದುಬಿಡಬಹುದು. ಅದಕ್ಕೇ ಎರಡು ಭಾಗಗಳನ್ನು ಹಗ್ಗದಿಂದ ಜೋಡಿಸಿರುತ್ತಾರೆ. ಅಂಗಡಿಯ ಹುಡುಗನ ರಸೀದಿಯ ಹಿಂದೆ ಇದನ್ನೆಲ್ಲ ಬರೆದು ತೋರಿಸಿದೆ. ಅವನು ನಕ್ಕ, ಬಡಗಿಯವರು ಆ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಮರುದಿನ ಬ್ಯಾರಬೂ ಕಡೆಗೆ ಅವರ ಗಾಡಿಯಲ್ಲಿ ಒಂದು ಗಂಟೆ ಹಾದಿ. ವಿಸ್ಕಾನ್ಸಿನ್ ನದಿಯ ಮರಳು ಸೀಮೆ ಅದು. ಆಲ್ಡೊ ಲಿಯೊಪೋಲ್ಡ್ ಎಂಬ ಪ್ರಾಧ್ಯಾಪಕರು 1935ರಲ್ಲಿ ಅಲ್ಲಿ ಸವಕಲು ಹೊಲವೊಂದನ್ನು ಕೊಂಡು, ಕೋಳಿಗೂಡನ್ನೇ ಮನೆ ಮಾಡಿಕೊಂಡು, ಹೆಂಡತಿ ಮಕ್ಕಳೊಡನೆ ಸಾವಿರಾರು ಪೈನ್ ಸಸಿ ನೆಟ್ಟರು. 1948ರಲ್ಲಿ ನೆರೆಯವರ ಜಮೀನಿನ ಬೆಂಕಿ ಆರಿಸಲು ಹೋಗಿ ತೀರಿಕೊಂಡರು. ಅವರ ಹೆಸರಾಂತ ಪುಸ್ತಕ ಬಂದದ್ದು ಮರುವರ್ಷ. ಅವರೂ ಬೇಟೆಗಾರರೇ ಎಂದು ಬಡಗಿಯವರು ನನಗೆ ಎರಡು ಸಲ ಹೇಳಿದರು, ನನ್ನ ಮುಖದಲ್ಲಿ ಏನು ಕಂಡಿತೋ. ಕೋಳಿಗೂಡು ಇನ್ನೂ ಇದೆ, ನಮ್ಮೂರ ಪಂಪ್‌ಸೆಟ್ ಮನೆಗಿಂತ ಅಷ್ಟೇನೂ ದೊಡ್ಡದಲ್ಲ. ಆಕಾಶದಲ್ಲಿ ಕೊಕ್ಕರೆಗಳ ಸಾಲು. ಚಳಿಗೆ ಮುಂಚೆ ದಕ್ಷಿಣಕ್ಕೆ ಹೊರಡುವ ಸ್ಯಾಂಡ್‌ಹಿಲ್ ಕ್ರೇನುಗಳು. ಅವುಗಳ ಕೂಗು ಮೈಲಿ ದೂರಕ್ಕೆ ಕೇಳುತ್ತದೆ.

ಬಡಗಿಯವರ ತುಂಡು ಕಾಡು ಅಲ್ಲಿಂದ ಸ್ವಲ್ಪ ಮುಂದೆ. ಮರ ಆರಿಸುವುದೇ ಅರ್ಧ ಕೆಲಸ. ಕಾಂಡ ನೆಟ್ಟಗಿರಬೇಕು, ಬೇಕಾದ ಎತ್ತರದವರೆಗೆ ಕೊಂಬೆ ಇರಬಾರದು. ಶ್ಯಾಗ್‌ಬಾರ್ಕ್ ಹಿಕರಿ ಎಂಬ ಮರದ ತೊಗಟೆ ಹಪ್ಪಳದ ಹಾಗೆ ಎದ್ದು ಬರುತ್ತದೆ, ಅದು ಬೇಡ. ಬರ್ಚ್ ನುಣುಪು, ಇಬ್ಬನಿ ಹೆಪ್ಪುಗಟ್ಟಿದರೆ ನನ್ನ 0.25 ಎಲ್ಲಿಂದ ಬರಬೇಕು? ಒಣಗಿದ ಮರವಂತೂ ಕೂಡದು. ಕೊನೆಗೆ ಒಂದು ಕೆಂಪು ಪೈನ್ ಒಪ್ಪಿಗೆಯಾಯಿತು. ಹಲಗೆಯನ್ನು ನೆಲದ ಬಳಿ ಮುಂತುದಿ ಮೇಲೆತ್ತಿ ಓರೆಯಾಗಿ ಕಟ್ಟಿದರು. ಮೇಲೆ ಹೋದ ಹಾಗೆ ಕಾಂಡ ಸಪೂರವಾಗಿ ಹಲಗೆ ಬಾಗುತ್ತ ಸಮಕ್ಕೆ ಬರಲೆಂದು.

ಕಟ್ಟುಪಟ್ಟಿ ಅವರ ಚೀಲದಲ್ಲಿತ್ತು. ತೊಡೆ, ಸೊಂಟ, ಎದೆ ಮೂರಕ್ಕೂ ಬಿಗಿಯುವಂಥದು. ‘ಮೇಲೆ ಹೋಗಿ ಕಟ್ಟಿಕೊಳ್ಳುತ್ತೇನೆ; ನಲವತ್ತು ವರ್ಷದಿಂದ ಹತ್ತುತ್ತಿದ್ದೇನೆ’ ಎಂದರು.

ನನಗೆ ಆಗ ನೆನಪಾದದ್ದು ನಮ್ಮ ತೋಟದ ಕೊನೆಗೌಡ. ಶಿರಸಿ ಸೀಮೆಯ ಊರು ನಮ್ಮದು. ನಾನಾಗ ಆರನೇ ಇಯತ್ತೆ. ಮಳೆ ಒಂದು ದಿನ ಹೊಳವಾಗಿತ್ತೆಂದು ಕೊಳೆ ಔಷಧಿ ಹೊಡೆಸುತ್ತಿದ್ದರು. ಮೈಲುತುತ್ತ, ಸುಣ್ಣ ಕಲಸಿದ ಹಂಡೆಯ ಪಕ್ಕ ನಾನು ನಿಂತಿದ್ದೆ. ಅಡಿಕೆ ಮರ ಪಾಚಿಗಟ್ಟಿ ನುಣುಪಾಗಿತ್ತು. ಅವನೂ ಇಪ್ಪತ್ತೈದು ವರ್ಷದಿಂದ ಹತ್ತುತ್ತಿದ್ದವನೇ. ಕೂಗಲಿಲ್ಲ, ಏನೂ ಇಲ್ಲ. ಬಿದ್ದ ಸದ್ದು ಮಾತ್ರ. ಹನ್ನೆರಡು ಮೀಟರ್ ಎತ್ತರದಿಂದ ನೆಲ ಮುಟ್ಟಲು ಒಂದೂವರೆ ಸೆಕೆಂಡು, ಮುಟ್ಟುವಾಗಿನ ವೇಗ ಗಂಟೆಗೆ 55 ಕಿಲೋಮೀಟರ್. ಈ ಲೆಕ್ಕವನ್ನು ನಾನು ಬಿ.ಎಸ್ಸಿ. ಮೊದಲ ವರ್ಷದಲ್ಲಿ ಮಾಡಿದೆ, ಮಾಡಿ ಪುಸ್ತಕ ಮುಚ್ಚಿದೆ. ಅವನು ಬದುಕಿದ, ಆದರೆ ಎದ್ದು ನಡೆಯಲಿಲ್ಲ. ಜಗಲಿಯಲ್ಲಿ ಕುಳಿತು ಬುಟ್ಟಿ ಹೆಣೆಯುತ್ತ ಒಂಬತ್ತು ವರ್ಷ ಇದ್ದ. ಅಪ್ಪಯ್ಯ ಆಮೇಲೆ ಎಂದೂ ಮಳೆಗಾಲದಲ್ಲಿ ತೋಟಕ್ಕೆ ಹೋಗಿ ನಿಂತು ಔಷಧಿ ಹೊಡೆಸಲಿಲ್ಲ, ಯಾರನ್ನಾದರೂ ಕಳಿಸುತ್ತಿದ್ದರು.

ಮರದ ಬುಡದಲ್ಲಿ ನಿಂತು ಇದನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಬಡಗಿಯವರು ಮಾತಾಡದೆ ಕಟ್ಟುಪಟ್ಟಿ ತೊಟ್ಟರು. ಅದರ ಹಗ್ಗವನ್ನು ನೆಲದಲ್ಲೇ ಮರಕ್ಕೆ ಸುತ್ತಿ, ಒಂದೊಂದು ಹೆಜ್ಜೆಗೂ ಅದನ್ನು ಮೇಲಕ್ಕೆ ಸರಿಸುತ್ತ ಹತ್ತಿದರು. ಹತ್ತುವಾಗ ಇಳಿಯುವಾಗಲೇ ಬೀಳುವ ಭಯ ಹೆಚ್ಚು. ಮೇಲೆ ಹೋದ ಮೇಲೆ ಕಟ್ಟಿಕೊಳ್ಳುವುದು ಅರ್ಧ ಜಾಗರೂಕತೆ. ಬಿಲ್ಲನ್ನು ಆಮೇಲೆ ದಾರದಿಂದ ಎಳೆದುಕೊಂಡರು. ಬಿದ್ದು ಪಟ್ಟಿಯಲ್ಲಿ ನೇತಾಡುತ್ತ ಉಳಿದರೂ ಅಪಾಯವೇ. ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ಆಗ ಕಾಲೂರಿ ನಿಲ್ಲಲೆಂದು ಒಂದು ಕುಣಿಕೆಯೂ ಅದರಲ್ಲಿತ್ತು. ಜಿಂಕೆ ಅಂದು ಬರಲಿಲ್ಲ. ನನಗೆ ಬೇಸರವೇನೂ ಆಗಲಿಲ್ಲ.

ಬರುವಾಗ ಅಂಥದೇ ಒಂದು ಕಟ್ಟುಪಟ್ಟಿ ಕೊಂಡುತಂದೆ. ‘ಮೊಮ್ಮಗನ ಫೋಟೋ ಆಲ್ಬಮ್ಮಿಗೆ ಜಾಗವಿಲ್ಲ, ಇದಕ್ಕಿದೆ’ ಎಂದು ನನ್ನಾಕೆ ವಿಮಾನ ನಿಲ್ದಾಣದವರೆಗೂ ಅಂದಳು. ಕುರ್ಚಿಯನ್ನೇ ತರಬಹುದಿತ್ತಲ್ಲ ಎಂದು ಕೇಳುವವರಿಗೆ: ಅದು ಅಡಿಕೆಗೆ ಆಗದು. ಪೈನ್ ಮರದ ತೊಗಟೆ ದಪ್ಪ, ಹಲ್ಲು ಕಚ್ಚಿದರೂ ಗಾಯ ಮಾಯುತ್ತದೆ. ಅಡಿಕೆ ಏಕದಳ, ಕಾಂಡ ಕೊರೆದರೆ ಮತ್ತೆ ಕೂಡಿಕೊಳ್ಳಲು ಅದಕ್ಕೆ ಕ್ಯಾಂಬಿಯಂ ಪದರವಿಲ್ಲ. ತೆಂಗಿಗೆ ಕೇರಳದ ‘ಚೆಂಬೇರಿ ಜೋಸೆಫ್’ ಮಾದರಿಯ ಯಂತ್ರವಿದೆಯಲ್ಲ, ಎರಡು ತಂತಿಯ ಬಳೆ, ಎರಡು ಮೆಟ್ಟು, ಅದೂ ಇದೇ ತತ್ತ್ವದ್ದು.

ಕಳೆದ ಕೊಯ್ಲಿಗೆ ಊರಿಗೆ ಹೋದಾಗ ತಮ್ಮನ ತೋಟದ ಕೊನೆಗೌಡನಿಗೆ ಪಟ್ಟಿ ಕೊಟ್ಟೆ. ಅವನು ತಿರುವಿ ನೋಡಿದ, ತೊಟ್ಟೂ ನೋಡಿದ. ಆಮೇಲೆ ಕೇಳಿದ: ‘ಮಾಸ್ತರ್ರೇ, ಇದನ್ನ ಮರಕ್ಕೆ ಕಟ್ಕಂಡ್ರೆ ಆ ಮರದಿಂದ ಈ ಮರಕ್ಕೆ ದಾಟೂದು ಹ್ಯಾಂಗೆ?’

ಎಂಥ ಪ್ರಶ್ನೆ! ಒಂದು ಮರ ಹತ್ತಿ, ಜೋಲಿ ಹೊಡೆದು ಪಕ್ಕದ್ದನ್ನು ಹಿಡಿದು ದಾಟುತ್ತ ಹೋಗುವುದೇ ಅವನ ಕಸುಬು. ಪ್ರತಿ ಮರಕ್ಕೂ ಇಳಿದು ಹತ್ತುವುದಾದರೆ ದಿನಕ್ಕೆ ಎಷ್ಟು ಮರ ಆದೀತು, ಕೂಲಿ ಎಷ್ಟು ಸಿಕ್ಕೀತು? ಬಡಗಿಯವರಿಗೆ ಒಂದೇ ಮರ, ದಿನವಿಡೀ ಸಮಯ. ಇವನಿಗೆ ಹಾಗಲ್ಲ. ನನ್ನ ಬಳಿ ಉತ್ತರವಿರಲಿಲ್ಲ. ಅವನ ಮಗ ಈಗ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾನೆ. ಅಪ್ಪನಿಗೆ ಅದು ಕುತ್ತಿಗೆ ನೋವಂತೆ.

ಪಟ್ಟಿಯನ್ನು ಅವನು ಹಿಂದಿರುಗಿಸಲಿಲ್ಲ. ಮೊನ್ನೆ ತಮ್ಮ ಫೋನಿನಲ್ಲಿ ಹೇಳಿದ: ಅಂಗಳದ ತೆಂಗಿನ ಮರ ಹತ್ತುವಾಗ ತೊಡುತ್ತಾನಂತೆ. ಅದೊಂದೇ ಒಂಟಿ ಮರ.