ಮೂಗಿನೊಳಗಿನ ಕಾಡುದಾರಿ

ರಾತ್ರಿ 9ಕ್ಕೆ ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನ ಗೇಟು ಬೀಳುತ್ತದೆ. ಬೆಳಿಗ್ಗೆ 6ರವರೆಗೆ ಬಂಡೀಪುರ ಆನೆ ಹುಲಿಗಳದ್ದು. ಗೇಟಿನ ಈಚೆಗಿರುವ ಹಂಗಳದಲ್ಲಿ, ಚೆಂಡುಹೂವಿನ ಹೊಲಕ್ಕೆ ನೀರು ಕಟ್ಟಿ ಬಂದ ರೈತನೊಬ್ಬನ ತಲೆಯೊಳಗೆ ಆ ಹೊತ್ತಿಗೇ ಸಿಡಿಲು ಬಡಿಯಿತು ಎಂದಿಟ್ಟುಕೊಳ್ಳಿ. ಹೆಸರು ಬೇಡ, ಅವನು ಯಾರೂ ಆಗಬಹುದು. ವಾಂತಿಯ ಮೇಲೆ ವಾಂತಿ. ಒಂದು ರೆಪ್ಪೆ ಜೋತುಬಿತ್ತು. ಗೋಡೆ ಹಿಡಿದು ಕುಸಿದವನ ಬಾಯಲ್ಲಿ ಒಂದೇ ಮಾತು: "ಕಣ್ಣು ಕತ್ಲಾಯ್ತಾ ಅದ ಕನಾ!"

ಗಾಳಿ ಸೋಕಿದೆ ಎಂದು ತಾಯತ ಹುಡುಕುವ ಹೊತ್ತಲ್ಲ ಇದು. ಮೆದುಳಿನ ಬುಡದಲ್ಲಿ, ಅರ್ಧ ಗ್ರಾಂ ತೂಕದ ಪಿಟ್ಯುಟರಿ ಗ್ರಂಥಿಯಲ್ಲಿ, ವರ್ಷಗಳಿಂದ ಸದ್ದಿಲ್ಲದೆ ಬೆಳೆದ ಗೆಡ್ಡೆಯೊಳಗೆ ರಕ್ತ ಸೋರಿದೆ. ಗೆಡ್ಡೆ ಉಬ್ಬಿ ತನ್ನ ಮೇಲಿರುವ ಕಣ್ಣಿನ ನರಗಳನ್ನು ಒತ್ತುತ್ತಿದೆ. ದೇಹವನ್ನು ನಿಲ್ಲಿಸಿ ಹಿಡಿಯುವ ಕಾರ್ಟಿಸಾಲ್ ಬತ್ತುತ್ತಿದೆ, ಬಿಪಿ ಇಳಿಯುತ್ತಿದೆ.

ಸೂಚನೆ ಮೊದಲೇ ಇತ್ತು. ಮದುವೆಯ ಉಂಗುರ ಬೆರಳಿಂದ ಬರುತ್ತಿರಲಿಲ್ಲ. ವಯಸ್ಸು ನಲವತ್ತು ದಾಟಿದ ಮೇಲೂ ಚಪ್ಪಲಿಯ ಅಳತೆ ಹೆಚ್ಚಾಗಿತ್ತು. ಪಕ್ಕದಿಂದ ಬಂದ ಎತ್ತು ಕಾಣದೆ ಎರಡು ಸಲ ಗುದ್ದಿಸಿಕೊಂಡಿದ್ದ. ಮನೆಯವರು ವಯಸ್ಸೆಂದರು, ಕನ್ನಡಕದಂಗಡಿಯವನು ನಂಬರೆಂದ.

108 ಬಂತು. ದಕ್ಷಿಣಕ್ಕೆ ಕಾಡು, ಹೋಗಬೇಕಾದದ್ದು ಉತ್ತರಕ್ಕೆ. ಗುಂಡ್ಲುಪೇಟೆಯಲ್ಲಿ ಸಲೈನ್. ಅಲ್ಲಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್, ನಡುವೆ ನಂಜನಗೂಡಿನ ಕಪಿಲಾ ಸೇತುವೆ. ಮೈಸೂರಿನಲ್ಲಿ ಸ್ಕ್ಯಾನ್ ತೆಗೆದು ಹೆಸರು ಹೇಳಿದರು: ಪಿಟ್ಯುಟರಿ ಅಪೊಪ್ಲೆಕ್ಸಿ. ಈ ಗಳಿಗೆಯಲ್ಲಿ ಜೀವ ಹಿಡಿದು ನಿಲ್ಲಿಸುವುದು ಒಂದು ಅಗ್ಗದ ಮದ್ದು, ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್. ಚಾಕುವಿನ ಸರದಿ ಆಮೇಲೆ. ಬೆಳಗಾಗುವಷ್ಟರಲ್ಲಿ ಆಂಬುಲೆನ್ಸ್ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ, ನಿಮ್ಹಾನ್ಸ್ ಬಾಗಿಲಲ್ಲಿದೆ.

ಅವನ ಮುಂದಿರುವ ದಾರಿ, ಅಂದರೆ ಮೂಗಿನ ಮೂಲಕ ಗೆಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯೂ, ಒಮ್ಮೆ ಸಾವಿನಂಚಿಗೆ ಹೋಗಿ ಬಂದದ್ದೇ. 1907ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಸರ್ಜನ್ ಹರ್ಮನ್ ಶ್ಲೋಫರ್ ರೋಗಿಯ ಮೂಗನ್ನೇ ಬಿಡಿಸಿ ಪಕ್ಕಕ್ಕೆ ಮಗುಚಿ ಈ ಗ್ರಂಥಿಯನ್ನು ಮುಟ್ಟಿದ. 1909ರಲ್ಲಿ ಬಾಲ್ಟಿಮೋರಿನಲ್ಲಿ ಸರ್ಜನ್ ಹಾರ್ವೆ ಕುಶಿಂಗ್ ಎದುರು ಮಲಗಿದವನೂ ಕೈಕಾಲು ಬೆಳೆದ ಒಬ್ಬ ರೈತ. ಅವನು ಬದುಕಿದ. ಮುಂದೆ 1910ರಿಂದ 1925ರ ನಡುವೆ ಕುಶಿಂಗ್ ಮೇಲ್ತುಟಿಯ ಒಳಗಿನಿಂದ ಸೀಳಿ ಮೂಗಿನ ಮೂಲಕ 231 ಗೆಡ್ಡೆಗಳನ್ನು ತೆಗೆದ. ಸತ್ತವರು ನೂರಕ್ಕೆ 5.6. ಆ್ಯಂಟಿಬಯೋಟಿಕ್ ಇಲ್ಲದ ಕಾಲಕ್ಕೆ ಇದು ಪವಾಡವೇ. ಆಮೇಲೆ ಅದೇ ಕುಶಿಂಗ್ ಈ ದಾರಿ ಬಿಟ್ಟು ತಲೆಬುರುಡೆ ತೆರೆಯುವ ಕಡೆ ಹೊರಳಿದ. ಗುರು ಹೊರಳಿದರೆ ಶಿಷ್ಯರು ಕೇಳಬೇಕೆ? ಜನ ಓಡಾಡದ ಬಂಡೀಪುರದ ಜಾಡನ್ನು ಲಂಟಾನ ನುಂಗುವಂತೆ ಮೂಗಿನ ದಾರಿಯನ್ನು ಮರೆವು ನುಂಗಿತು.

ಆದರೆ ಎಡಿನ್‌ಬರೋದ ನಾರ್ಮನ್ ಡಾಟ್ ಹಟ ಬಿಡಲಿಲ್ಲ. ಕುಶಿಂಗ್ ಬಳಿ ಕಲಿತಿದ್ದನ್ನು ಮಾಡುತ್ತಲೇ ಹೋದ. 1956ರಲ್ಲಿ ಪ್ಯಾರಿಸ್ಸಿನ ಜೆರಾರ್ ಗಿಯೋ ಅಲ್ಲಿಗೆ ಹೋಗಿ ನೋಡಿ ಬಂದ. ಗಿಯೋನಿಂದ ಕಲಿತ ಮಾಂಟ್ರಿಯಲ್‌ನ ಜೂಲ್ಸ್ ಹಾರ್ಡಿ ಅದಕ್ಕೆ ಮೈಕ್ರೋಸ್ಕೋಪ್ ಸೇರಿಸಿದ. 1990ರ ದಶಕದಲ್ಲಿ ಪಿಟ್ಸ್‌ಬರ್ಗಿನ ವೈದ್ಯರು ಎಂಡೋಸ್ಕೋಪ್ ಹಿಡಿದು ನೇರ ಹೊಳ್ಳೆಯೊಳಗೇ ಇಳಿದರು. ಹಂಗಳದವನ ಕಣ್ಣು ಉಳಿಯುವುದಾದರೆ ಡಾಟ್‌ನ ಹಟಕ್ಕೂ ಅದರಲ್ಲಿ ಪಾಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಥಿಯೇಟರಿನೊಳಗೆ ಬನ್ನಿ. ಎರಡು ಹೊಳ್ಳೆ, ನಾಲ್ಕು ಕೈ. ಕಿವಿ-ಮೂಗು-ಗಂಟಲಿನ ಸರ್ಜನ್ 4 ಮಿಲಿಮೀಟರ್ ದಪ್ಪದ ದುರ್ಬೀನು ಹಿಡಿದಿದ್ದಾರೆ, ನ್ಯೂರೋಸರ್ಜನ್ ಕೈಯಲ್ಲಿ ಡ್ರಿಲ್ ಮತ್ತು ಸಕ್ಷನ್. ಮುಖದ ಮೇಲೆ ಒಂದು ಗೀರೂ ಇಲ್ಲ. ಮೂಗಿನ ಮಡಿಕೆಗಳನ್ನು ಬದಿಗೆ ಒತ್ತಿ, ನಡುಗೋಡೆಯ ಹಿಂತುದಿಯನ್ನು ಕಿತ್ತು, ಸ್ಫೀನಾಯ್ಡ್ ಎಂಬ ಗಾಳಿಗವಿಯೊಳಗೆ ನುಗ್ಗುತ್ತಾರೆ. ಎದುರಿಗೆ ಮೂಳೆಯ ತೆಳುಗೋಡೆ. ಅದರಾಚೆ ಟರ್ಕಿಯ ಜೀನು ಎಂದು ಅಂಗರಚನೆಯವರು ಹೆಸರಿಟ್ಟ ಗುಳಿ, ಗುಳಿಯಲ್ಲಿ ಗೆಡ್ಡೆ. ಎಡಕ್ಕೊಂದು, ಬಲಕ್ಕೊಂದು ಕೆರೊಟಿಡ್, ಮೆದುಳಿಗೆ ರಕ್ತ ಒಯ್ಯುವ ಹೆದ್ದಾರಿಗಳು. ನಡುವೆ ಬೆರಳೆರಡರಷ್ಟೂ ಜಾಗವಿಲ್ಲ.

ಡಾಪ್ಲರ್ ಕಡ್ಡಿ ಒತ್ತಿ ಕೇಳುತ್ತಾರೆ: ಶೂ... ಶೂ... ಅಲ್ಲಿದೆ ನಾಳ, ಈಚೆ ಬಾ. ವಜ್ರದ ಪುಡಿ ಮೆತ್ತಿದ ಡ್ರಿಲ್ ಮೂಳೆಯನ್ನು ಮೊಟ್ಟೆಸಿಪ್ಪೆಯಷ್ಟು ತೆಳುವಾಗಿ ಸವೆಸುತ್ತದೆ. ಕೂದಲೆಳೆ ತಪ್ಪಿದರೆ ಪರದೆ ಒಂದೇ ಕ್ಷಣದಲ್ಲಿ ಕೆಂಪು, ಏನೂ ಕಾಣದು. ಆಗ ತೊಡೆಯ ಸ್ನಾಯುವಿನ ತುಂಡೊಂದನ್ನು ಜಜ್ಜಿ ತೂತಿಗೆ ಒತ್ತಿ ಹಿಡಿಯಬೇಕು. ಅನುಭವಸ್ಥರ ಕೈಯಲ್ಲಿ ಇಂಥದ್ದು ನೂರಕ್ಕೆ ಒಂದೂ ಇಲ್ಲ. ಆದರೂ ಆ ಒಂದರ ಭಯವಿಲ್ಲದವರು ಈ ಡ್ರಿಲ್ ಹಿಡಿಯಬಾರದು.

ಮೆದುಳಿನ ಹೊದಿಕೆ ಸೀಳಿತು. ಕಪ್ಪುರಕ್ತ ಬೆರೆತ ಗೆಡ್ಡೆ ಒತ್ತಡಕ್ಕೆ ತಾನೇ ಹೊರಗುಕ್ಕುತ್ತದೆ. ಬಳೆಯಂತೆ ಬಾಗಿದ ಸಲಕರಣೆಯಿಂದ ಮೊದಲು ಕೆಳಗೆ, ಆಮೇಲೆ ಪಕ್ಕ, ಕಡೆಗೆ ಮೇಲೆ ಕೆರೆಯಬೇಕು. ಮೇಲಿನದನ್ನು ಮೊದಲೇ ತೆಗೆದರೆ ಗೆಡ್ಡೆಯ ಮೇಲಿರುವ ಪೊರೆ ಜಗ್ಗಿ ಇಳಿದು ಉಳಿದ ಗೆಡ್ಡೆಯನ್ನು ಮರೆಮಾಡುತ್ತದೆ. ಕೊನೆಗೆ ಪೊರೆ ಇಳಿದು ಎದೆಬಡಿತಕ್ಕೆ ತಕ್ಕಂತೆ ಮಿಡಿಯತೊಡಗಿತು. ಕಣ್ಣಿನ ನರದ ಮೇಲಿನ ಭಾರ ಇಳಿದಿದೆ. ಮೆದುಳಿನ ನೀರು ಸೋರದಂತೆ ತೊಡೆಯ ಕೊಬ್ಬು, ಅದರ ಮೇಲೆ ಮೂಗಿನ ನಡುಗೋಡೆಯದೇ ಒಳಪೊರೆಯ ತೇಪೆ.

ಮುಗಿಯಿತೆಂದು ಯಾರೂ ಉಸಿರು ಬಿಡುವಂತಿಲ್ಲ. ಗ್ರಂಥಿ ಮುನಿಸಿಕೊಂಡರೆ ದಿನಕ್ಕೆ ಲೀಟರುಗಟ್ಟಲೆ ಮೂತ್ರ, ತಣಿಯದ ದಾಹ. ಅದಕ್ಕೆ ಡೆಸ್ಮೊಪ್ರೆಸಿನ್. ವಾರದ ಹೊತ್ತಿಗೆ ರಕ್ತದ ಸೋಡಿಯಂ ತಟ್ಟನೆ ಕುಸಿಯಬಹುದು, ಮನೆಗೆ ಹೋದವರು ಮರಳಿ ಓಡಿ ಬರುವುದು ಹೆಚ್ಚಾಗಿ ಇದಕ್ಕೇ. ವಾರಗಟ್ಟಲೆ ಮೂಗು ಸೀದುವಂತಿಲ್ಲ, ತಿಣುಕುವಂತಿಲ್ಲ, ಭಾರ ಎತ್ತುವಂತಿಲ್ಲ. ಬಗ್ಗಿದಾಗ ಮೂಗಿನಿಂದ ನೀರು ತೊಟ್ಟಿಕ್ಕಿದರೆ ನೆಗಡಿಯೆಂದು ಸುಮ್ಮನಾಗದೆ ಆಸ್ಪತ್ರೆಗೆ ಹೊರಡಬೇಕು. ಹೋದ ದೃಷ್ಟಿ ಎಷ್ಟು ಮರಳುತ್ತದೆ ಎಂಬುದು ನರ ಎಷ್ಟು ಕಾಲ ಒತ್ತಿಸಿಕೊಂಡಿತ್ತು ಎಂಬುದರ ಮೇಲೆ ನಿಂತಿದೆ. ಬೇಗ ಬಂದವರಿಗೆ ಹೆಚ್ಚು, ತಡವಾದವರಿಗೆ ಕಡಿಮೆ.

ಈ ಗೆಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಪ್ರೊಲ್ಯಾಕ್ಟಿನ್ ಸುರಿಸುವ ಬಗೆಯವಂತೂ ಬಹುಪಾಲು ಕ್ಯಾಬರ್ಗೊಲಿನ್ ಮಾತ್ರೆಗೇ ಕರಗುತ್ತವೆ, ಮೂಗಿನ ತಂಟೆಗೇ ಹೋಗಬೇಕಿಲ್ಲ. ಆದ್ದರಿಂದ ಹಂಗಳದವರಿಗೂ ಗುಂಡ್ಲುಪೇಟೆ ಸೀಮೆಯ ಉಳಿದವರಿಗೂ ಒಂದು ವಿನಂತಿ. ನಡುವಯಸ್ಸಿನಲ್ಲಿ ಉಂಗುರ, ಚಪ್ಪಲಿ ಬಿಗಿಯಾದರೆ, ಕನ್ನಡಕ ಬದಲಿಸಿದರೂ ಪಕ್ಕದ್ದು ಕಾಣದಿದ್ದರೆ, ಕಣ್ಣಿನ ಡಾಕ್ಟರರ ಬಳಿ 'ದೃಷ್ಟಿ ಕ್ಷೇತ್ರ ಪರೀಕ್ಷೆ ಮಾಡಿ' ಎಂದು ಬಾಯಿಬಿಟ್ಟು ಕೇಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನೆರವಿದೆ. ರೇಷನ್ ಕಾರ್ಡ್, ಆಧಾರ್ ಕೈಯಲ್ಲಿರಲಿ, ತಾಲ್ಲೂಕು ಆಸ್ಪತ್ರೆಯಿಂದ ಶಿಫಾರಸು ಪತ್ರ ಬರೆಸಿಕೊಂಡೇ ಬಸ್ಸು ಹತ್ತಿ.